ಸಮುದ್ರವಿಲ್ಲದ ಜಿಲ್ಲೆಯಲ್ಲಿ ದ್ವೀಪಯಾನ: ಬಳಸುವ ಕ್ರಮ

ನಮ್ಮ ತುಮಕೂರು ಜಿಲ್ಲೆಯ ಕಡಲತೀರವನ್ನು ಆರಿಸಿಕೊಂಡಿದ್ದಕ್ಕೆ ವಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಮಿಕ್ಸಿಯ ಕೈಪಿಡಿಯಂತೆ ಅಟ್ಟಕ್ಕೆಸೆದು ಆಮೇಲೆ ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ. ಕಂಪನಿಯವರು ಗಂಗರೋ ಹೊಯ್ಸಳರೋ ವಿಜಯನಗರದವರೋ ಆಗಿದ್ದು, ಅವರಲ್ಲಿ ಯಾರೂ ಈಗ ಫೋನ್ ಎತ್ತುವುದಿಲ್ಲ.

ಯಾರು ಬಳಸಬಹುದು

ಷಡ್ಡಕ ಇರುವ ಎಲ್ಲರೂ. ನನ್ನ ಷಡ್ಡಕರು ವಿಲಾಯತಿಯಲ್ಲಿದ್ದಾರೆ. ಹೋದ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಿಗೆ ಹೋಗಿ, ದಿನಕ್ಕೆ ನಲವತ್ತು ಫೋಟೊದಂತೆ ವಾಟ್ಸಾಪಿಗೆ ಸುರಿದರು. ಬಂಡೆಯಂಚಿನಲ್ಲಿ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿ, ಕೆಳಗೆ ಅಲೆ, ಪಕ್ಕದಲ್ಲಿ ಸ್ಕಾರಾ ಬ್ರೇ ಎಂಬ ಐದು ಸಾವಿರ ವರ್ಷದ ಕಲ್ಲುಮನೆಗಳು. 1850ರಲ್ಲಿ ಬಿರುಗಾಳಿಯೊಂದು ಮೇಲಿನ ಮರಳನ್ನು ಹಾರಿಸಿಕೊಂಡು ಹೋದಾಗ ಅವು ಬಯಲಾದವಂತೆ. ನನ್ನ ಮನೆಯಾಕೆ ಫೋನನ್ನು ನನ್ನ ಮುಖಕ್ಕೆ ಹಿಡಿದು "ನೋಡಿದ್ರಾ?" ಅಂದಳು. ಮದುವೆಯಾಗಿ ಇಪ್ಪತ್ತು ವರ್ಷವಾದವರಿಗೆ ಆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕದಲ್ಲಿ ದ್ವೀಪಗಳಿಲ್ಲವೆಂದಲ್ಲ. ಮಲ್ಪೆಯೆದುರು ಕಂಬಗಲ್ಲುಗಳ ಸೇಂಟ್ ಮೇರೀಸ್ ಇದೆ, ಮುರುಡೇಶ್ವರದಾಚೆ ನೇತ್ರಾಣಿ ಇದೆ, ಹೊನ್ನಾವರದ ಬಳಿ ಕೋಟೆ ಹೊತ್ತ ಬಸವರಾಜದುರ್ಗ ಇದೆ. ಆದರೆ ಕುಣಿಗಲ್ಲಿನಿಂದ ಹೆದ್ದಾರಿ 75 ಹಿಡಿದರೆ ಮಂಗಳೂರಿಗೇ ಸುಮಾರು 280 ಕಿಲೋಮೀಟರು. ಮಳೆ ಜೋರಾದರೆ ಶಿರಾಡಿ ಘಾಟಿ ಕುಸಿಯುತ್ತದೆ, ದ್ವೀಪಕ್ಕೆ ದೋಣಿಯೂ ನಿಲ್ಲುತ್ತದೆ. ನಮ್ಮ ಕಡಲು ತೆರೆಯುವುದೇ ಮಳೆ ಬಂದ ಮೇಲೆ. ಟಿಕೇಟಿಲ್ಲ.

ಬಿಡಿಭಾಗಗಳು

ಕಡಲತೀರ ಎಂದರೆ ಇಲ್ಲಿ ಕೆರೆಯ ಏರಿ. ಕಡಲು ಎಂದರೆ ಅಂಗಳ. ನೀರು ಬಿಡುವ ಗುಂಡಿಗೆ ತೂಬು ಎಂದು ಹೆಸರು, ಹೆಚ್ಚಾದದ್ದು ಹೊರಹೋಗುವ ದಾರಿಗೆ ಕೋಡಿ. ಇದನ್ನೆಲ್ಲ ನೋಡಿಕೊಳ್ಳುವವನು ನೀರುಗಂಟಿ. ಈ ಕೊನೆಯ ಬಿಡಿಭಾಗ ಈಚೆಗೆ ಬಹಳ ಊರುಗಳಲ್ಲಿ ಸಿಗುತ್ತಿಲ್ಲ, ಬದಲಿ ತಯಾರಾಗಿಲ್ಲ.

ಏರಿ ಹತ್ತಿ ಇಪ್ಪತ್ತು ಹೆಜ್ಜೆ ನಡೆದು ನಿಲ್ಲಿ. ಒಂದು ಕಡೆ ನೀರು ಕಾಲಬುಡದಲ್ಲೇ ಇದೆ. ಇನ್ನೊಂದು ಕಡೆ ನೆಲ ಅಷ್ಟಾಳಕ್ಕಿಳಿದು, ತೆಂಗಿನ ಮರದ ತಲೆ ನಿಮ್ಮ ಭುಜದ ಸಮಕ್ಕೆ ಬಂದಿದೆ. ಗೊನೆಯೊಳಗಿನ ಎಳನೀರನ್ನು ಎಣಿಸಬಹುದು. ಅಂದರೆ ಗದ್ದೆ, ತೋಟ, ಊರು ಎಲ್ಲವೂ ನೀರಿನ ಮಟ್ಟದಿಂದ ಕೆಳಗಿವೆ, ನಡುವೆ ಇರುವುದು ಈ ಮಣ್ಣಿನ ಗೋಡೆ, ಅದರ ಮೇಲೆ ನೀವು ಚಪ್ಪಲಿ ಹಾಕಿಕೊಂಡು ನಿಂತಿದ್ದೀರಿ. ಇಂಥ ದಡ ನಿಮ್ಮ ಆರ್ಕ್ನಿಯಲ್ಲಿದೆಯೇ ಎಂದು ಷಡ್ಡಕರಿಗೆ ಬರೆದೆ. ಅವರು ಹೆಬ್ಬೆರಳು ತೋರಿಸಿದರು.

ಉಬ್ಬರ ಇಳಿತ

ಸಮುದ್ರದ ಉಬ್ಬರವಿಳಿತ ಚಂದ್ರನ ಕೈಯಲ್ಲಿದೆ. ನಮ್ಮದು ಗೊರೂರಿನ ಕೈಯಲ್ಲಿ. ಹೇಮಾವತಿ ಅಣೆಕಟ್ಟಿನಿಂದ ನಾಲೆಗೆ ನೀರು ಬಿಟ್ಟರೆ ಉಬ್ಬರ, ನಿಲ್ಲಿಸಿದರೆ ಇಳಿತ. ತುಮಕೂರಿನ ನಲ್ಲಿಗೆ ಬುಗುಡನಹಳ್ಳಿ ಕೆರೆಯ ಮೂಲಕ ಬರುವುದೂ ಇದೇ ನೀರು. ಚಂದ್ರನ ವಿರುದ್ಧ ಯಾರೂ ರಸ್ತೆ ತಡೆ ಮಾಡಿದ್ದಿಲ್ಲ. ಇಲ್ಲಿ ಮಾಡುತ್ತಾರೆ. ಕುಣಿಗಲ್ಲಿಗೆ ಎಕ್ಸ್‌ಪ್ರೆಸ್ ನಾಲೆ ಬೇಕು ಎನ್ನುವವರು ಒಂದು ಕಡೆ, ಅದರಿಂದ ನಮ್ಮ ಪಾಲಿಗೆ ಕುತ್ತು ಎನ್ನುವ ಗುಬ್ಬಿ, ತುಮಕೂರಿನವರು ಇನ್ನೊಂದು ಕಡೆ. ಆದ್ದರಿಂದ ಗುಬ್ಬಿಯ ಟೀ ಅಂಗಡಿಯಲ್ಲಿ ಕುಣಿಗಲ್ ಕೆರೆಯನ್ನೂ ಕುಣಿಗಲ್ಲಿನ ಟೀ ಅಂಗಡಿಯಲ್ಲಿ ಗುಬ್ಬಿಯ ರೈತರನ್ನೂ ಹೊಗಳಬೇಡಿ. ಟೀ ತಣ್ಣಗಾಗುತ್ತದೆ.

ಚಾಲನೆ

ಮೊದಲ ಸಲದವರು ತುಮಕೂರು ಅಮಾನಿಕೆರೆಯಿಂದ ಆರಂಭಿಸಬೇಕು. ಇದು ಅಂಗಡಿಯ ಮುಂದಿಟ್ಟ ಮಾದರಿಯಂತೆ: ಕಾಲುದಾರಿ ಇದೆ, ಕಂಬಿ ಇದೆ, ಹತ್ತಿರದಲ್ಲೇ ಗಾಜಿನ ಮನೆ ಇದೆ. ಬೆಳಗಿನ ಆರಕ್ಕೆ ಇಲ್ಲಿ ಕಾಣುವ ಮುಖ್ಯ ಜೀವಿ, ಸಕ್ಕರೆ ಕಾಯಿಲೆಯ ನಿವೃತ್ತ ನೌಕರರು. ಗುಂಪಾಗಿ ಚಲಿಸುತ್ತಾರೆ. ಎರಡು ಸುತ್ತಾದ ಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯತ್ತ ವಲಸೆ ಹೋಗುತ್ತಾರೆ.

ಅಲ್ಲಿ ಕಾಲು ಪಳಗಿದ ಮೇಲೆ ಕುಣಿಗಲ್ ದೊಡ್ಡಕೆರೆಗೆ ಬನ್ನಿ. ಜನಪದದಲ್ಲಿ ಹಾಡು ಗಿಟ್ಟಿಸಿಕೊಂಡ ಕೆರೆ ಇದು. ಏರಿಯ ಮೇಲೆ ಆ ಹಾಡು ತಾನಾಗಿ ಬಾಯಿಗೆ ಬರುತ್ತದೆ, ಶ್ರುತಿ ಇಲ್ಲದವರು ಗುನುಗಿದರೆ ಸಾಕು. ಊರಿನಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಇದೆ. ಕುದುರೆಯನ್ನು ವನ್ಯಜೀವಿಯ ಲೆಕ್ಕಕ್ಕೆ ಹಿಡಿಯಬಹುದೇ ಎಂದು ಮನೆಯಾಕೆ ಕೇಳಿದಳು. ರೇಸ್ ಚೀಟಿ ಕೊಂಡವರ ಮನೆಯಲ್ಲಿ ಹಿಡಿಯುತ್ತಾರೆ ಎಂದೆ.

ಮೂರನೆಯದು ಗುಬ್ಬಿ ತಾಲ್ಲೂಕಿನ ಕಡಬ. ಶಿಂಷಾ ನದಿಗೆ ಅಡ್ಡ ಕಟ್ಟಿದ ಕೆರೆ. ಲಂಕೆಯಿಂದ ಮರಳುವಾಗ ರಾಮ ಇಲ್ಲಿ ತಂಗಿದನೆಂದೂ, ಹಳ್ಳಕ್ಕೊಂದು ಕಟ್ಟೆ ಹಾಕಿಸೆಂದು ಸೀತೆ ಕೇಳಿದಳೆಂದೂ ಊರ ಕಥೆ. ಹೆಂಡತಿ ಕೇಳಿದಳೆಂದು ನೀರಿನ ದಡ ಒದಗಿಸಿದ ಮೊದಲ ಗಂಡ ನಾನಲ್ಲ ಎಂಬುದು ಗೊತ್ತಾಗಿ ಸಮಾಧಾನವಾಯಿತು.

"ಎಲ್ಲ ಸರಿ, ದ್ವೀಪ ಎಲ್ರೀ?" ಅಂದಳು ಆಕೆ. ನಾನು ತಡಬಡಾಯಿಸುವಷ್ಟರಲ್ಲಿ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಯಜಮಾನರೊಬ್ಬರು ಕೋಲು ಚಾಚಿದರು: "ಅಗೋ, ಆ ಜಾಲಿ ಗಿಡ ಕಾಣ್ತಾವಲ್ಲವ್ವ, ಅದೇಯ. ಬ್ಯಾಸ್ಗೇಲಿ ಅಲ್ಲಿ ನಮ್ಮ ಎಮ್ಮೆ ಮೇಯ್ತವೆ. ನೀರು ಬಂದ್ರೆ ಬರೀ ಕೊಕ್ಕರೆದು." ಆರು ತಿಂಗಳು ಹುಲ್ಲುಗಾವಲು, ಆರು ತಿಂಗಳು ದ್ವೀಪ. ಆರ್ಕ್ನಿಯವರಿಗೆ ಈ ಸೌಲಭ್ಯವಿಲ್ಲ.

ಜೀವಿಗಳು

ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಗುಳುಮುಳುಕ ಇವು ಮೂಲ ಪ್ಯಾಕೇಜಿನಲ್ಲೇ ಸೇರಿವೆ. ಟಿಟ್ಟಿಭ ಕೂಗಿ ಬೈದರೆ ಅದರ ಮೊಟ್ಟೆ ನಿಮ್ಮ ಕಾಲ ಹತ್ತಿರ ಬರಿ ನೆಲದ ಮೇಲಿದೆ ಎಂದರ್ಥ, ಹಿಂದೆ ಸರಿಯಿರಿ. ಬಣ್ಣದ ಕೊಕ್ಕರೆಯೇ ಬೇಕೆನ್ನುವವರು ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಬೇಕು. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೇ ಅವುಗಳ ಸಂಸಾರ. ಕೆಳಗೆ ನಿಲ್ಲುವವರು ತಲೆಗೆ ಟವೆಲ್ ಹಾಕಿಕೊಳ್ಳಿ.

ರಾತ್ರಿ ಪಾಳಿಯವರಿಗೆ ನಾಗವಲ್ಲಿಯ ಕಾಡುಪಾಪ ಇದೆ. ಅಂಗೈ ಮೇಲೆ ಕೂರುವಷ್ಟು ದೇಹ, ಅದರಲ್ಲಿ ಅರ್ಧ ಕಣ್ಣೇ. ಪೊದೆ, ಬೇಲಿ, ಮರಸಾಲು ಒಂದಕ್ಕೊಂದು ತಾಗಿಕೊಂಡಿರುವಲ್ಲಿ ಮಾತ್ರ ಇದು ಬದುಕುತ್ತದೆ, ಏಕೆಂದರೆ ಹಾರಲು ಬಾರದು, ಕೊಂಬೆಯಿಂದ ಕೊಂಬೆಗೆ ಹಿಡಿದೇ ದಾಟಬೇಕು. ಬೇಲಿ ಸವರಿ ತಂತಿ ಎಳೆದ ಕಡೆ ಅದಕ್ಕೆ ದಾರಿ ಮುಗಿಯಿತು. ಕಣ್ಣಿಗೆ ಟಾರ್ಚ್ ಬಿಡಬೇಡಿ.

ಗುಬ್ಬಿಯಲ್ಲಿ ಗುಬ್ಬಿಯನ್ನು ಹುಡುಕುವ ವಿಷಯ: ಪುರಾಣ ಕೇಳಲು ದಿನವೂ ಬರುತ್ತಿದ್ದ ಜೋಡಿ ಗುಬ್ಬಚ್ಚಿ ಪುರಾಣ ಮುಗಿದ ದಿನವೇ ಪ್ರಾಣ ಬಿಟ್ಟವೆಂದು, ಅದರಿಂದಲೇ ಊರಿಗೆ ಆ ಹೆಸರೆಂದು ಹೇಳುತ್ತಾರೆ. ಈಗ ಆ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ತಲೆಯೆತ್ತಿದಾಗ ಕಂಡದ್ದು ಹಕ್ಕಿಯೇ ಎಂದು ಖಾತ್ರಿಪಡಿಸಿಕೊಂಡು ಡೈರಿಯಲ್ಲಿ ಬರೆಯಿರಿ.

ಪಳೆಯುಳಿಕೆ

ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಗೂಳೂರು ದಾಟಿ ಕೈದಾಳಕ್ಕೆ ತಿರುಗಿ. ಕೈ ಕಡಿದುಕೊಂಡ ಜಕಣಾಚಾರಿ ಇಲ್ಲಿ ಚೆನ್ನಕೇಶವನನ್ನು ಕಡೆದು ಕೈ ಮರಳಿ ಪಡೆದನೆಂಬುದು ಕಥೆ. ಗುಡಿ ಕಟ್ಟಿಸಿದವನು ಹೊಯ್ಸಳ ನರಸಿಂಹನ ಸಾಮಂತ ಬಾಚಿ, 1150ರ ಸುಮಾರು. ಜನ ನೆನಪಿಟ್ಟಿರುವುದು ಜಕಣನನ್ನು. ಬಾಚಿಗೆ ಶಾಸನ ಗಟ್ಟಿ, ಅಷ್ಟೆ.

ಆದರೆ ನನ್ನ ಮಟ್ಟಿಗೆ ಹೆಚ್ಚಿನ ಪಳೆಯುಳಿಕೆ ಗುಡಿಯಲ್ಲಿಲ್ಲ, ಏರಿಯ ಮೇಲಿದೆ. ನೀರೊಳಗೆ ಎರಡು ಕಲ್ಲುಕಂಬ, ಅಡ್ಡಕ್ಕೊಂದು ತೊಲೆ, ಇದು ಹಳೆಯ ತೂಬು. ಪಕ್ಕದ ಪೊದೆಯಲ್ಲಿ ಅರ್ಧ ಹೂತ ವೀರಗಲ್ಲು, ಅದರ ಮೇಲೆ ಒಣಗಿದ ಅರಿಸಿನ. ಸ್ಕಾರಾ ಬ್ರೇಯ ಮನೆಗಳು ಎಂದೋ ನಿವೃತ್ತವಾಗಿವೆ, ಒಳಗೆ ಬಿಡದೆ ಮೇಲಿನಿಂದ ತೋರಿಸುತ್ತಾರೆ. ನಮ್ಮ ತೂಬು ಇನ್ನೂ ಕೆಲಸದಲ್ಲಿದೆ. ಪಿಂಚಣಿಯ ಮಾತೇ ಇಲ್ಲ.

ಎಚ್ಚರಿಕೆ: ಇಲ್ಲಿ ತಮಾಷೆ ನಿಲ್ಲಿಸಿದೆ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೂ ಹೋಗುತ್ತೀರಿ, ಹೋಗಿ. ಅದರ ಹಿರಿಮೆ ಸೈಫನ್. ನೀರು ಗೊತ್ತಾದ ಮಟ್ಟ ಮುಟ್ಟಿದ ಕೂಡಲೇ ಬಾಗಿದ ಕೊಳವೆಯೊಳಗಿನ ಗಾಳಿಯನ್ನು ನೀರೇ ಎಳೆದುಕೊಂಡು ಹೋಗುತ್ತದೆ. ಆಮೇಲೆ ಯಾರೂ ಗೇಟ್ ಎತ್ತುವುದು ಬೇಡ, ಕೊಳವೆ ತುಂಬ ನೀರು ಧುಮ್ಮಿಕ್ಕುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ತಾನೇ ನಿಲ್ಲುತ್ತದೆ. ಜಾಣ ಕೆಲಸ. ಆದರೆ ಗೇಟ್ ಎತ್ತುವವನೇ ಇಲ್ಲದ ಮೇಲೆ "ಸರೀರಪ್ಪಾ" ಎಂದು ಕೂಗುವವನೂ ಇಲ್ಲ. ಕೆಳಗಿನ ಬಂಡೆಗಳ ಮೇಲೆ ಮೊಣಕಾಲುದ್ದ ನೀರಿದೆಯೆಂದು ಮಕ್ಕಳನ್ನು ಇಳಿಸಬೇಡಿ. ಸೆಲ್ಫಿಗೂ ಬೇಡ.

ದೋಷ ಮತ್ತು ಪರಿಹಾರ

ನೀರು ಕಾಣುತ್ತಿಲ್ಲ: ಏಪ್ರಿಲ್ ಇರಬೇಕು, ಕ್ಯಾಲೆಂಡರ್ ನೋಡಿ. ಸೆಪ್ಟೆಂಬರಿನಲ್ಲೂ ಕಾಣದಿದ್ದರೆ ಮೇಲಿನ ರಾಜಕಾಲುವೆಯ ಮೇಲೆ ಯಾರ ಮನೆ ಎದ್ದಿದೆ ಎಂದು ವಿಚಾರಿಸಿ. ನೀರಿನ ಮೇಲೆ ಹಸಿರು ಹಾಸಿ ನೇರಳೆ ಹೂ ಬಿಟ್ಟಿದೆ: ಚೆಂದವೆಂದು ಫೋಟೊ ತೆಗೆಯಬೇಡಿ, ಅದು ಅಂತರಗಂಗೆ, ಊರಿನ ಚರಂಡಿಯ ಗೊಬ್ಬರ ತಿಂದು ಕೊಬ್ಬಿದ್ದು. ಮೀನು ಹುರಿಯುವ ವಾಸನೆ ಬರುತ್ತಿದೆ: ದೋಷವಲ್ಲ. "ಜಿಲೇಬಿ" ಎಂದರೆ ಅದು ಮೀನಿನ ಹೆಸರು, ಸಸ್ಯಾಹಾರಿಗಳು ಕೇಳಿ ಕೊಳ್ಳಿ.

ಬಳಕೆದಾರರ ಹೊಣೆ

ಗೂಳೂರಿನಲ್ಲಿ ಕೆರೆಯ ಜೇಡಿಮಣ್ಣು ತಂದು ಆಳೆತ್ತರ ಮೀರಿದ ಗಣಪತಿ ಮಾಡುತ್ತಾರೆ. ಎಲ್ಲರ ಗಣಪತಿ ಮುಳುಗಿದ ಮೇಲೆ, ಬಲಿಪಾಡ್ಯಮಿಗೆ ಕೂರಿಸಿ, ಕಾರ್ತಿಕವಿಡೀ ಪೂಜಿಸಿ, ಅದೇ ಕೆರೆಗೆ ಬಿಡುತ್ತಾರೆ. ತೆಗೆದುಕೊಂಡದ್ದನ್ನು ಹಿಂದಿರುಗಿಸುವ ಲೆಕ್ಕ. ನಿಮ್ಮಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ, ಚಿಪ್ಸ್ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರಾಯಿತು.

ಇನ್ನೊಂದಿದೆ. ನಡೆಯುವಾಗ ನೀರನ್ನಷ್ಟೇ ನೋಡದೆ ಆಗಾಗ ಏರಿಯ ಹೊರಮೈಯತ್ತ, ತೆಂಗಿನ ತೋಟದ ಕಡೆಗೂ ಬಗ್ಗಿ ನೋಡಿ. ಮಳೆಯಿಲ್ಲದ ದಿನ ಅಲ್ಲಿ ಮಣ್ಣು ಒದ್ದೆಯಾಗಿದ್ದರೆ, ಏಡಿಯ ಬಿಲದಿಂದ ನೀರು ಜಿನುಗುತ್ತಿದ್ದರೆ, ಕೆಂಪು ನೀರು ಸಣ್ಣಗೆ ಹರಿಯುತ್ತಿದ್ದರೆ ಫೋನನ್ನು ಕಿಸೆಗಿಟ್ಟು ಕೆಳಗಿಳಿಯಿರಿ. ಮೊದಲು ಸಿಕ್ಕ ಮನೆಯ ಕದ ತಟ್ಟಿ ಹೇಳಿ. ರಾತ್ರಿಯಾಗಿದ್ದರೂ ಸರಿ, ಎಬ್ಬಿಸಿ ಹೇಳಿ.