ಮುದ್ರಣ ಕಾಶಿಯಲ್ಲಿ ಖಾಲಿ ಜಾಗ

ಗದಗಿನ ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಸಲು ಯಾರೂ ಒಬ್ಬರೇ ಬರುವುದಿಲ್ಲ. ಹುಡುಗಿಯ ಅಪ್ಪ, ದೊಡ್ಡಪ್ಪ, ಸೋದರಮಾವ, ಮದುವೆ ಕುದುರಿಸಿದ ಹಿರಿಯರು, ಇವರ ಜೊತೆಗೆ ಸಂಬಂಧವೇನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದಿದ್ದರೂ ಶುದ್ಧಲೇಖನ ಬಲ್ಲ ಒಬ್ಬ ನಿವೃತ್ತ ಮಾಸ್ತರರು. ಇಷ್ಟು ಮಂದಿ ಕಂಪ್ಯೂಟರ್ ಮುಂದೆ ಕುಳಿತ ಹುಡುಗನ ಬೆನ್ನ ಹಿಂದೆ ನಿಲ್ಲುತ್ತಾರೆ. ಪತ್ರಿಕೆಯಲ್ಲಿ ಎಲ್ಲಾದರೂ ಎರಡು ಬೆರಳಗಲ ಬಿಳಿ ಉಳಿದಿದ್ದರೆ ಇವರ ಕಣ್ಣಿಗೆ ಮೊದಲು ಬೀಳುವುದು ಅದೇ. “ಇಲ್ಲೆ ಜಾಗಾ ಖಾಲಿ ಐತಲ್ಲೋ ತಮ್ಮಾ! ರೊಕ್ಕಾ ಪೂರಾ ಕಾಗದಕ್ಕ ಕೊಡತೀವಿ. ಮುಂಡರಗಿ ಬೀಗರ ಹೆಸರು ಹಾಕು ಅಲ್ಲೆ.”

ನನ್ನ ಅಕ್ಕನ ಮಗಳು ಕಾಲೇಜಿನಲ್ಲಿ ಕಲಿಯುತ್ತಿರುವುದು ಆ ಎರಡು ಬೆರಳಗಲ ಜಾಗವನ್ನು ಖಾಲಿ ಬಿಡುವ ವಿದ್ಯೆ. ಅದಕ್ಕೆ ನಾಲ್ಕು ವರ್ಷ ಬೇಕು ಎಂದಾಗ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

ಅವಳು ಓದುತ್ತಿರುವುದು ಬಿ.ವಿ.ಎ., ಅನ್ವಯಿಕ ಕಲೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಳು. ಹಾಗಾಗಿ ಅವಳು ಬಿಟ್ಟುಹೋದ ಎಂಜಿನಿಯರಿಂಗ್ ಸೀಟಿಗಾಗಿ ಶಿರಹಟ್ಟಿಯಿಂದ ಬೆಟಗೇರಿಯವರೆಗಿನ ಬಂಧುಗಳೆಲ್ಲ ಸೂತಕ ಆಚರಿಸಿದರು. “ಹಂಗಾರ ಫ್ಲೆಕ್ಸ್ ಮಾಡೂದ ಕಲೀತೀ ಏನವಾ?” ಎಂದು ಒಬ್ಬರು. “ಡ್ರಾಯಿಂಗ್ ಮಾಸ್ತರಕಿ ನೌಕರಿ ಈಗ ಕರಿಯೂದಿಲ್ಲಂತ” ಎಂದು ಇನ್ನೊಬ್ಬರು. ಎರಡನೆಯವರ ಮಾತಿನಲ್ಲಿ ಇತಿಹಾಸವಿದೆ. ಟಿ.ಪಿ. ಅಕ್ಕಿಯವರು ಗದಗಿನಲ್ಲಿ ವಿಜಯ ಕಲಾ ಮಂದಿರ ಕಟ್ಟಿದ ಮೇಲೆ ನಮ್ಮ ಕಡೆ ಚಿತ್ರ ಕಲಿಯುವುದೆಂದರೆ ಮೊದಲು ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಪಾಸಾಗುವುದು, ಆಮೇಲೆ ಕಲಾಶಾಲೆ, ಕೊನೆಗೆ ಯಾವುದೋ ಹೈಸ್ಕೂಲಿನಲ್ಲಿ ಕರಿಹಲಗೆಯ ಮೇಲೆ ಹೂಜಿ ಬರೆಯುವುದು ಎಂದು ದಾರಿ ಸವೆದುಹೋಗಿತ್ತು. ಆ ದಾರಿಯಲ್ಲಿ ಒಳ್ಳೆಯ ಕಲಾವಿದರೂ ಬಂದರು, ಹೂಜಿಗಳೂ ಬಂದವು.

ಪ್ರವೇಶದ ದಿನ ಇನ್ನೊಂದು ತಮಾಷೆ. ನಮ್ಮ ಕಲಾ ಕಾಲೇಜುಗಳಲ್ಲಿ ಗ್ರಾಫಿಕ್ಸ್ ಎಂಬ ವಿಭಾಗವಿದ್ದರೆ ಅದು ಕಂಪ್ಯೂಟರಿನದಲ್ಲ; ಸತುವಿನ ತಗಡಿಗೆ ಆಮ್ಲ ತಿನ್ನಿಸಿ, ಮರ ಕೊರೆದು, ಕಲ್ಲಿನ ಮೇಲೆ ಬರೆದು ಚಿತ್ರದ ಅಚ್ಚು ತೆಗೆಯುವ ವಿಭಾಗ. ಪೋಸ್ಟರು, ಲೋಗೊ, ಪ್ಯಾಕೆಟ್ಟು ಬೇಕಾದವರು ಅನ್ವಯಿಕ ಕಲೆಗೆ ಹೋಗಬೇಕು. ಅವಳ ಜೊತೆ ಪಾಳಿಯಲ್ಲಿದ್ದ ಹುಡುಗ ಇದನ್ನು ಯಾರಿಂದಲೂ ಕೇಳಿರಲಿಲ್ಲ; ಕಂಪ್ಯೂಟರ್ ಎಂದುಕೊಂಡು ಗ್ರಾಫಿಕ್ಸ್ ಸೇರಿಬಿಟ್ಟ. ಈಗ ಏಪ್ರನ್ ಕಟ್ಟಿಕೊಂಡು, ಕೈಗೆ ಮಶಿ ಹಚ್ಚಿಕೊಂಡು ಓಡಾಡುತ್ತಾನಂತೆ, ಸುಖವಾಗಿಯೇ ಇದ್ದಾನಂತೆ.

ಮೊದಲ ವರ್ಷದ ರಜೆಗೆ ಬಂದವಳು ನಮ್ಮೆಲ್ಲರನ್ನೂ ಕೂಡಿಸಿ ಪಾಠ ಹೇಳಿದಳು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಭಾರತ ಸುತ್ತಿ ಸರ್ಕಾರಕ್ಕೊಂದು ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅವರು ಮನಸಾರೆ ಹೊಗಳಿದ್ದು ನಮ್ಮ ತಂಬಿಗೆಯನ್ನು. ಅದರ ಕುತ್ತಿಗೆ, ಹೊಟ್ಟೆ, ತೂಕ, ಸೊಂಟದ ಮೇಲೆ ಕೂಡುವ ರೀತಿ, ನೀರು ಸುರಿಯುವ ರೀತಿ. ನಮ್ಮವ್ವ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, “ತಂಬಿಗಿ ಛಲೋ ಅದ ಅನ್ನಾಕ ಅಮೆರಿಕಾದಿಂದ ಬರಬೇಕಾಗಿತ್ತೇನು? ನನ್ನ ಕೇಳಿದ್ರ ಹೇಳತಿದ್ದೆ” ಎಂದಳು. ಮೊಮ್ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಗದಗಿಗೆ ಮುದ್ರಣ ಕಾಶಿ ಎಂದು ಹೆಸರು. ಹೊಂಬಾಳಿಯವರ ಪ್ರೆಸ್ಸು, ಸಂಕೇಶ್ವರರ ಡಿಕ್ಷನರಿ, ಶಾಬಾದಿಮಠರ ಬುಕ್ ಡಿಪೋದ ನಾಟಕದ ಪುಸ್ತಕಗಳು ಎಂದರೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೂ ಗೊತ್ತು. ಸಂಕೇಶ್ವರರ ಮನೆಯ ಹುಡುಗ ವಿಜಯ ಅವರು ಮೊಳೆ ಜೋಡಿಸುವುದು ಬಿಟ್ಟು 1976ರಲ್ಲಿ ಒಂದು ಲಾರಿ ಕೊಂಡರು. ಲಾರಿಗಳು ಬಹಳವಾದ ಮೇಲೂ ಮಶಿಯ ವಾಸನೆ ಬಿಡದೆ 1999ರಲ್ಲಿ ‘ವಿಜಯ ಕರ್ನಾಟಕ’ ಪತ್ರಿಕೆ ತೆಗೆದರು. ಆದರೆ ನನ್ನ ಲೆಕ್ಕದಲ್ಲಿ ಈ ಸೀಮೆಯ ಮೊದಲ ದೊಡ್ಡ ಆರ್ಡರು ಇದಕ್ಕೂ ಸಾವಿರ ವರ್ಷ ಹಿಂದಿನದು. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಓಲೆಗರಿಯ ಮೇಲೆ, ಕಂಟದ ಮೊನೆಯಿಂದ, ಒಂದೊಂದೂ ಕೈಯಿಂದಲೇ. ಇವತ್ತಿಗೂ ಆಫ್‌ಸೆಟ್ ಪ್ರೆಸ್ಸಿನವರು “ಸಾವಿರಕ್ಕಿಂತ ಕಡಿಮಿ ಆದ್ರ ಪೂರೈಸೂದಿಲ್ಲರೀ” ಎನ್ನುವಾಗ ನನಗೆ ಆ ತಾಯಿಯ ನೆನಪಾಗುತ್ತದೆ.

ಎರಡನೆಯ ವರ್ಷ ಅವಳಿಗೆ ಅಕ್ಷರದ ಹುಚ್ಚು ಹಿಡಿಯಿತು. ತರಗತಿಯಲ್ಲಿ ಹೇಳಿಕೊಟ್ಟದ್ದೆಲ್ಲ ಹೆಲ್ವೆಟಿಕಾ, ಗಿಲ್ ಸ್ಯಾನ್ಸ್. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದು ಗೆರೆಯ ಮೇಲೆ ಸಾಲಾಗಿ ಕುಳಿತುಕೊಳ್ಳುತ್ತವೆ. ನಾಲ್ಕೈದು ಮಾತ್ರ ಕೆಳಗೆ ಕಾಲು ಬಿಡುತ್ತವೆ. ಆ ಲೆಕ್ಕ ಹಿಡಿದು ಕನ್ನಡ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅವಳು ನಮ್ಮ ಊರುಗಳ ಹೆಸರುಗಳನ್ನೇ ಪರೀಕ್ಷೆಗೆ ಇಟ್ಟುಕೊಂಡಳು. ಗದಗ ಎಂಬುದು ವಿನ್ಯಾಸಗಾರನಿಗೆ ದೇವರು ಕೊಟ್ಟ ವರ: ಮೂರೇ ಅಕ್ಷರ, ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ, ಮೂರಕ್ಕೂ ಒಂದೇ ತಲೆಕಟ್ಟು, ಅಚ್ಚುಮೊಳೆಯ ಕಾಲದಲ್ಲಿ ಮಂಪರಿನಲ್ಲಿ ಹಿಂದುಮುಂದಾಗಿ ಜೋಡಿಸಿದರೂ ಗದಗವೇ. ಬೆಟಗೇರಿಗೆ ಒಂದು ದೀರ್ಘ, ಸಹಿಸಬಹುದು. ಮುಂಡರಗಿ ಸಾಧು. ಶಿರಹಟ್ಟಿಯಲ್ಲಿ ಒಂದು ಟ ಒತ್ತು ಇಣುಕುತ್ತದೆ. ಆದರೆ ಲಕ್ಷ್ಮೇಶ್ವರ! ಕ್ಷ, ಅದರ ಅಡಿಗೆ ಮ ಒತ್ತು, ತಲೆಗೆ ಎತ್ವ, ಪಕ್ಕಕ್ಕೆ ದೀರ್ಘ; ಅದು ಮುಗಿಯಿತೆನ್ನುವಷ್ಟರಲ್ಲಿ ಶ ಕೆಳಗೆ ವ. ಪಂಪ ತನ್ನ ಕಾವ್ಯದ ಭಾಷೆಗೆ ಆಧಾರವೆಂದು ನೆನೆದ ಊರು ಅದು. ಆಗ ಅದರ ಹೆಸರು ಪುಲಿಗೆರೆ. ಪುಣ್ಯವಂತ, ಅವನ ಲಿಪಿಕಾರರಿಗೆ ಒಂದು ಒತ್ತೂ ಬೀಳಲಿಲ್ಲ.

ಹೊಸ ಫಾಂಟ್ ಸಿಕ್ಕಿದರೆ ಅವಳು ಈಗ ಮೊದಲು ಹೊಡೆದು ನೋಡುವುದು ಲಕ್ಷ್ಮೇಶ್ವರ. ಅರ್ಧಕ್ಕರ್ಧ ಫಾಂಟುಗಳು ಅಲ್ಲಿಯೇ ಸೋಲುತ್ತವಂತೆ. ಮ ಒತ್ತು ಕ್ಷದ ಬಾಲಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಎರಡು ಸಾಲು ಕೆಳಗೆ ಹೋಗಿ ಅನಾಥವಾಗಿ ನಿಲ್ಲುತ್ತದೆ.

ಡಿಟಿಪಿ ಅಂಗಡಿಗಳ ಸಂಕಟ ಬೇರೆಯದು. ಹಳೆಯ ಕನ್ನಡ ಫಾಂಟುಗಳನ್ನು ಮಾಡಿದ್ದು ಇಂಗ್ಲಿಷ್ ಅಕ್ಷರಗಳ ಕುರ್ಚಿಯಲ್ಲಿ ಕನ್ನಡದ ಚೂರುಗಳನ್ನು ಕೂಡಿಸಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಚಿ.ಕುಂ.ಸೌ. ಇದ್ದಲ್ಲಿ ಇಂಗ್ಲಿಷಿನ ಬೈಗುಳದಂಥದ್ದೇನೋ ಕಾಣುತ್ತದೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ತನ್ನದೇ 128 ಕುರ್ಚಿಗಳ ಓಣಿ ಸಿಕ್ಕಿತು. ಆದರೆ ಅಂಗಡಿಗಳಲ್ಲಿರುವ ಹಳೆಯ ಕೋರೆಲ್‌ಡ್ರಾ, ಪೇಜ್‌ಮೇಕರುಗಳಿಗೆ ಯೂನಿಕೋಡಿನ ಒತ್ತು ಜೋಡಿಸುವುದು ಬಾರದು. ಹೀಗಾಗಿ ಕಾಲೇಜಿನಿಂದ ಯೂನಿಕೋಡ್ ಕಲಿತು ಬಂದವಳು ಊರಿನಲ್ಲಿ ಹಳೆಯ ಫಾಂಟನ್ನು ಮತ್ತೆ ಕಲಿತಳು. ಕಲಿಸಿದವನು ಡಿಗ್ರಿಯ ಮೊದಲ ವರ್ಷಕ್ಕೇ ಕಾಲೇಜು ಬಿಟ್ಟವನು. ಕೀಬೋರ್ಡ್ ನೋಡದೆ ನಿಮಿಷದಲ್ಲಿ ಎಂಟು ಮಠಗಳ ಹೆಸರು ಹೊಡೆಯುವವನು.

ಇಷ್ಟೆಲ್ಲ ಆದರೂ ಖಾಲಿ ಜಾಗದ ತಕರಾರು ಬಗೆಹರಿದಿರಲಿಲ್ಲ. ನನಗಂತೂ ಗಿರಾಕಿಗಳ ಪಕ್ಷವೇ ಸರಿ ಎನಿಸುತ್ತಿತ್ತು. ಲಕ್ಷ್ಮೇಶ್ವರದ, ಲಕ್ಕುಂಡಿಯ ಶಾಸನ ನೋಡಿ: ಮೇಲೆ ಸೂರ್ಯ ಚಂದ್ರ, ನಡುವೆ ದೇವರು, ಪಕ್ಕದಲ್ಲಿ ಆಕಳು ಕರು, ಕೆಳಗೆ ಪದ ಪದದ ನಡುವೆಯೂ ತೆರಪಿಲ್ಲದಂತೆ ತುಂಬಿದ ಅಕ್ಷರ. ಕಲ್ಲಿಗೆ ಹೊನ್ನು ಕೊಟ್ಟವರು ಖಾಲಿ ಬಿಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಲಗ್ನಪತ್ರಿಕೆಯೂ ಅದೇ ವಂಶದ್ದು. ಮೇಲೆ ಎರಡೂ ಮನೆಯ ದೇವರುಗಳು, ಒಬ್ಬರಿಗೆ ವೀರಭದ್ರೇಶ್ವರ, ಇನ್ನೊಬ್ಬರಿಗೆ ಅನ್ನದಾನೇಶ್ವರ. ಶಿರಹಟ್ಟಿಯ ಕಡೆಯವರಾದರೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ. ಆಮೇಲೆ ಲಿಂ. ಎಂದು ಹೆಸರಿನ ಹಿಂದೆ ಹಚ್ಚಿಕೊಂಡ ಅಜ್ಜಂದಿರು, ಆಶೀರ್ವಾದ ಅಪೇಕ್ಷಿಸುವವರು, ಸುಖಾಗಮನ ಬಯಸುವವರು, ಸೋದರಮಾವಂದಿರು, ಕೊನೆಗೆ ಹೆಸರು ಬಿಟ್ಟುಹೋದವರ ಸಿಟ್ಟು ಇಳಿಸಲು ‘ಮತ್ತು ಬಂಧು ಬಳಗ’. ಯಾರ ಹೆಸರು ಮೇಲೆ, ಯಾರದು ದಪ್ಪ, ಯಾರದು ಬಲಕ್ಕೆ ಎಂಬುದರಲ್ಲಿ ಎರಡು ತಲೆಮಾರಿನ ಆಸ್ತಿ ಪಾಲು, ಮುನಿಸು, ರಾಜಿ ಎಲ್ಲ ಅಡಗಿರುತ್ತದೆ. ಕಣ್ಣು ಮೊದಲು ಎಲ್ಲಿಗೆ ಹೋಗಬೇಕು, ಆಮೇಲೆ ಎಲ್ಲಿಗೆ ಎಂಬುದನ್ನು ಅವಳ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಕಲಿಸುತ್ತಾರಂತೆ. ನಮ್ಮ ದೊಡ್ಡಪ್ಪಂದಿರಿಗೆ ಅದು ಹುಟ್ಟಿನಿಂದ ಬಂದದ್ದು.

ಈ ವರ್ಷ ಅವಳ ಅಕ್ಕನ ಮದುವೆ ಗೊತ್ತಾಯಿತು. ಪತ್ರಿಕೆಯ ಜವಾಬ್ದಾರಿ ಇವಳಿಗೇ ಬಂತು. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೂ ಅದನ್ನೇ ಆರಿಸಿಕೊಂಡಳು. ಮೊದಲ ನಕ್ಷೆಯಲ್ಲಿ ಹುಡುಗ, ಹುಡುಗಿ, ದಿನ, ಮಂಟಪ ಮಾತ್ರ ಇದ್ದವು, ಸುತ್ತ ಬಿಳಿ. ಮನೆಯಲ್ಲಿ ಯಾರೋ ಸತ್ತ ಸುದ್ದಿಯ ಕಾರ್ಡಿನಂತೆ ಕಾಣುತ್ತದೆ ಎಂದು ನನ್ನ ಅಕ್ಕ ಅದನ್ನು ಕೈಯಿಂದಲೂ ಮುಟ್ಟಲಿಲ್ಲ. ಎರಡನೆಯದರಲ್ಲಿ ಹೆಸರುಗಳೆಲ್ಲ ಬಂದವು. ಮೂರನೆಯದರಲ್ಲಿ ದೇವರುಗಳೂ ಬಂದರು. ಆದರೂ ನಾಲ್ಕೂ ಅಂಚಿಗೆ ಹೆಬ್ಬೆರಳಗಲ ಜಾಗವನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ಪ್ರೆಸ್ಸಿನ ಹುಡುಗ ಅಲ್ಲಿ ಬಾಳೆಗಿಡ, ಕಲಶ, ವಾಲಗದವರನ್ನು ಹಾಕಲು ಸಿದ್ಧನಾಗಿದ್ದ.

“ಅವ್ವಾ, ಅರಿಷಿಣ ಎಲ್ಲೆ ಹಚ್ಚತೀ?” ಎಂದಳು ಅವಳು.

ಅಕ್ಕ ಒಂದು ಕ್ಷಣ ಮಾತಾಡಲಿಲ್ಲ. ಪತ್ರಿಕೆ ಮನೆಗೆ ಬಂದ ಮೇಲೆ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚದೆ ಒಂದನ್ನೂ ಹೊರಗೆ ಕೊಡುವ ಪದ್ಧತಿಯಿಲ್ಲ. ಈಚಿನ ಮಿರಿಮಿರಿ ಕಾಗದದ ಮೇಲೆ ಅದು ಹಿಡಿಯುವುದಿಲ್ಲ; ಚಿತ್ರದ ಮೇಲೆ ಹಚ್ಚಿದರೆ ಗಣಪತಿಗೆ ಕಾಮಾಲೆಯಾದಂತೆ ಕಾಣುತ್ತದೆ. ಇದನ್ನು ಪ್ರತಿ ಮದುವೆಯಲ್ಲೂ ಹೆಂಗಸರು ಗೊಣಗಿದ್ದಾರೆ. ಗಂಡಸರು, ಅಂದರೆ ಪ್ರೆಸ್ಸಿಗೆ ಹೋಗುವವರು, ಕೇಳಿಸಿಕೊಂಡಿಲ್ಲ. ಅಂಚು ಖಾಲಿ ಉಳಿಯಿತು. ಕಾಗದವೂ ಒರಟಾದದ್ದೇ ಬಂತು. ಅದು ಅಗ್ಗವೂ ಹೌದೆಂದು ತಿಳಿದ ಮೇಲೆ ಭಾವನವರು ವಿನ್ಯಾಸ ಶಾಸ್ತ್ರವನ್ನು ಹೊಗಳಲು ಶುರುಮಾಡಿದರು.

ಪ್ರೂಫನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದಾಯಿತು. ಮರುದಿನ ಬೆಳಿಗ್ಗೆ ಲಕ್ಷ್ಮೇಶ್ವರದಿಂದ ಅವಳ ಕಾಕಾನ ಫೋನು. ಊರ ಹೆಸರಿನ ಮ ಒತ್ತು ಸರಿಯಾಗಿ ಕೂತಿದೆಯೇ ಎಂದು ಕೇಳಲು ಇವಳು ಬಾಯಿ ತೆರೆಯುವ ಮೊದಲೇ ಅವರು, “ಯವ್ವಾ, ನಿಮ್ಮ ಮಾಮಾನ ಹೆಸರಿಗಿಂತ ನನ್ನ ಹೆಸರು ಒಂದ ಎಳಿ ತೆಳ್ಳಗ ಐತಲ್ಲ, ಕಣ್ಣ ತಪ್ಪಿ ಆತೋ ಹೆಂಗ?” ಎಂದರು. ಕಂಪ್ಯೂಟರಿನಲ್ಲಿ ತೆಗೆದು ನೋಡಿದರೆ ನಿಜ. ಸೋದರಮಾವಂದಿರ ಸಾಲಿಗೆ ಅವಳು ಒಂದು ತೂಕ ದಪ್ಪದ ಅಕ್ಷರ ಹಾಕಿದ್ದಳು. ಅವಳ ಮೇಷ್ಟರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಇಬ್ಬರನ್ನೂ ಸಮ ಮಾಡಿದರೆ ಸಾಕಿತ್ತು. ಆದರೆ ಕಾಕಾನ ಹೆಸರನ್ನು ದಪ್ಪ ಮಾಡಿದರೆ ಸಾಲು ಹಿಡಿಸುವುದಿಲ್ಲ, ಅಂಚಿನ ಅರಿಷಿಣದ ಜಾಗಕ್ಕೆ ಹೋಗುತ್ತದೆ ಎಂದು ಹೇಳಿ ಅವಳು ನನ್ನದನ್ನು ತೆಳ್ಳಗೆ ಮಾಡಿದಳು.