ಕ್ರೌನ್‌ಪಿನಿಯನ್ ಗೌಡ್ರು

ಮಂಡ್ಯದ ಯಾವ ಗ್ಯಾರೇಜಿಗೆ ಬೇಕಾದರೂ ಹೋಗಿ ನೋಡಿ, ಮೂರು ಜನ ಇದ್ದೇ ಇರುತ್ತಾರೆ. ಗಾಡಿ ತಂದವನು, ಗಾಡಿ ಕೆಳಗೆ ಮಲಗಿದವನು, ಹಳೇ ಟೈರಿನ ಮೇಲೆ ಕೂತವನು. ಮೊದಲಿನವನಿಗೆ ಜೇಬಿನ ಚಿಂತೆ, ಎರಡನೆಯವನಿಗೆ ಮೈಯೆಲ್ಲ ಗ್ರೀಸು. ಮೂರನೆಯವರೇ ನಮ್ಮ ಗೌಡ್ರು. ಅವರ ಸ್ವಂತ ವಾಹನ ಒಂದು ಟಿವಿಎಸ್ ಎಕ್ಸೆಲ್. ಅದಕ್ಕೆ ಡಿಫರೆನ್ಷಿಯಲ್ ಅನ್ನುವ ಅಂಗವೇ ಇಲ್ಲ. ಆದರೆ ಫೋರ್ ವೀಲ್ ಡ್ರೈವ್ ಗಾಡಿಯ ಮುಂದಿನ ಹೌಸಿಂಗ್, ಅಂದರೆ ಡಿಫರೆನ್ಷಿಯಲ್ ಕೂತ ಪೆಟ್ಟಿಗೆಯ ವಿಷಯದಲ್ಲಿ ಅವರನ್ನು ಮೀರಿಸುವ ಪಂಡಿತರು ಮದ್ದೂರಿನಿಂದ ಮಳವಳ್ಳಿ ತನಕ ಸಿಗಲಾರರು. ಸಿಕ್ಕಿದರೂ ಅವರು ಇನ್ನೊಂದು ಟೈರಿನ ಮೇಲೆ ಕೂತ ಇನ್ನೊಬ್ಬ ಗೌಡ್ರೇ ಆಗಿರುತ್ತಾರೆ.

ಗೌಡ್ರು ಗಾಡಿ ಮುಟ್ಟುವವರಲ್ಲ. ಅವರದ್ದೇನಿದ್ದರೂ ಕಿವಿ. ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಬೀಡಿ ಹೊಗೆ ಪೂರ್ತಿ ಬಿಟ್ಟ ಮೇಲೆ ಒಂದೇ ಪ್ರಶ್ನೆ: "ಗುಂಯ್ ಅಂತದಾ, ಗರ್ ಅಂತದಾ?" ಗುಂಯ್ ಅಂದರೂ ಸರಿ, ಗರ್ ಅಂದರೂ ಸರಿ, "ಎರಡೂ ಇಲ್ಲ ಗೌಡ್ರೇ, ಟಕ್ ಟಕ್ ಅಂತದೆ" ಅಂದರೂ ಸರಿ, ತೀರ್ಪು ಬದಲಾಗುವುದಿಲ್ಲ. "ಅಂಗಾದ್ರೆ ಡಿಪ್ರೆನ್ಸಲ್ ಓಯ್ತು ಬುಡು. ಕ್ರೌನು, ಪಿನಿಯನ್ನು ಎರಡೂ." ಡಿಫರೆನ್ಷಿಯಲ್ ಒಳಗಿನ ಈ ಹಲ್ಲುಚಕ್ರದ ಜೋಡಿಯ ಹೆಸರು ಕೇಳಿ ಗಾಡಿ ತಂದವನ ಮುಖ ಅಲ್ಲೇ ಬಾಡುತ್ತದೆ. ಗೌಡ್ರ ಮುಖ ಅರಳುತ್ತದೆ.

ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಬೊಂಬಾಯಿಯಲ್ಲಿ ಜೋಡಿಸಲು ತೊಡಗಿದ್ದು 1940ರ ದಶಕದ ಕೊನೆಗೆ. ಗೌಡ್ರ ಮಾತು ಕೇಳಿದರೆ ಮೊದಲ ಜೀಪಿನ ಬೋಲ್ಟು ಬಿಗಿಯುವಾಗ ಇವರೇ ಸ್ಪ್ಯಾನರ್ ಎತ್ತಿಕೊಟ್ಟರೇನೋ ಅನ್ನಿಸಬೇಕು. ಅವರು ಹುಟ್ಟಿದ್ದು ಅದಾದ ಹತ್ತು ಹನ್ನೆರಡು ವರ್ಷಕ್ಕೆ.

ಕೆಳಗೆ ಮಲಗಿದ ಹುಡುಗನ ದಾರಿ ಬೇರೆ. ನಾಲ್ಕು ಟೈರೂ ಒಂದೇ ಸೈಜೇ, ಗಾಳಿ ಸರಿ ಇದೆಯೇ ಅಂತ ಮೊದಲು ನೋಡುತ್ತಾನೆ. ಆಮೇಲೆ ಮುಂಭಾಗಕ್ಕೆ ಜಾಕಿ ಕೊಟ್ಟು, ಚಕ್ರದ ತಲೆಯನ್ನೂ ಬುಡವನ್ನೂ ಹಿಡಿದು ಅಲ್ಲಾಡಿಸುತ್ತಾನೆ. ಲೊಡಲೊಡ ಅಂದರೆ ಹಬ್ ಬೇರಿಂಗು. ಶಾಫ್ಟಿನ ಕ್ರಾಸು ಹಿಡಿದು ತಿರುಚುತ್ತಾನೆ. ಗೇರಿಗೆ ಹಾಕಿದಾಗ ಧಡ್ ಅನ್ನುವುದು ಬಹಳ ಸಲ ಅಲ್ಲಿಂದಲೇ. ಕೊನೆಗೆ ಹೌಸಿಂಗಿನ ಬಿರಡೆ ಬಿಚ್ಚಿ 90 ನಂಬರ್ ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜುತ್ತಾನೆ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನಾಲೆ ನೀರು ಒಳಗೆ ನುಗ್ಗಿದೆ ಅಂತ ಅರ್ಥ. ಬಿರಡೆಯ ಅಯಸ್ಕಾಂತಕ್ಕೆ ನುಣ್ಣನೆ ಕಪ್ಪು ಕೆಸರು ಅಂಟಿದ್ದರೆ ಅದು ಸವೆತ, ಭಯವಿಲ್ಲ. ಉಗುರಿಗೆ ಸಿಗುವಂಥ ಚೂರು ಬಂದಾಗ ಮಾತ್ರ ಹಲ್ಲು ಮುರಿದಿದೆ, ಕ್ರೌನ್‌ಪಿನಿಯನ್ ಮಾತು ಆಗ. ಇಷ್ಟೆಲ್ಲ ನಡೆಯುವಾಗ ಗೌಡ್ರು ಮೇಲಿನಿಂದ, "ಲೇ ಮಗ, ಸುಮ್ನೆ ಯಾಕ್ಲಾ ಟೇಮ್ ವೇಸ್ಟು, ಬಿಚ್ಚಾಕ್ಲಾ ಅತ್ಲಾಗೆ" ಅನ್ನುತ್ತಲೇ ಇರುತ್ತಾರೆ.

ಗೌಡ್ರಿಗೆ ಏನೂ ತಿಳಿಯದು ಅಂದರೆ ಅನ್ಯಾಯ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೂ ಟ್ರ್ಯಾಕ್ಟರಿಗೂ ಪ್ರವೇಶ ಇಲ್ಲವಾದ್ದರಿಂದ ಗೌಡ್ರ ಎಕ್ಸೆಲ್ಲು, ಕಬ್ಬಿನ ಟ್ರ್ಯಾಕ್ಟರು ಎರಡೂ ಸರ್ವಿಸ್ ರಸ್ತೆಗೆ ಬಿದ್ದಿವೆ. ಮೈಶುಗರ್ ಸಕ್ಕರೆ ಕಾರ್ಖಾನೆ ಕಡೆ ಲೋಡು ಎಳೆದುಕೊಂಡು ಹೋಗುವ ಹುಡುಗರನ್ನು ಅಡ್ಡಗಟ್ಟಿ ಬೈಯುವುದು ಅವರ ನಿತ್ಯದ ವ್ರತ. "ಗದ್ದೇಲಿ ಹಾಕ್ದ ಫೋರ್ ವೀಲ್ ಲಿವರ್ರ ಟಾರ್ ರೋಡಲ್ಲಿ ತೆಗೀಬಾರ್ದೇನ್ಲಾ? ಮುಂದ್ಗಡೆ ಟೈರು ನಿಮ್ಮಪ್ಪ ಕೊಡುಸ್ತನಾ?" ಮಾತು ನೂರಕ್ಕೆ ನೂರು ಸರಿ. ತಿರುವಿನಲ್ಲಿ ಮುಂದಿನ ಚಕ್ರ ಸುತ್ತುವ ದಾರಿ ಹಿಂದಿನದಕ್ಕಿಂತ ಹೆಚ್ಚು. ಲಿವರ್ ಹಾಕಿದರೆ ಎರಡಕ್ಕೂ ಒಂದೇ ಕಟ್ಟು. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ, ಟಾರಿನ ಮೇಲೆ ಜಾರುವುದಿಲ್ಲ.

ಮೊನ್ನೆ ಕೆ.ಎಂ.ದೊಡ್ಡಿ ಕಡೆಯ ರೈತರೊಬ್ಬರು ಫೋರ್ ವೀಲ್ ಪಿಕಪ್ ತಂದರು. ಸ್ಟೇರಿಂಗ್ ಕಲ್ಲಾಗಿತ್ತು; ತಿರುಗಿಸಿದರೆ ಗಾಡಿ ಎಗರೆಗರಿ ಬೀಳುತ್ತಿತ್ತು, ಟೈರು ಕಿರುಚುತ್ತಿತ್ತು. ಮಳವಳ್ಳಿಯ ಭಾವಮೈದ ಕ್ರಾಸು ಹೋಗಿದೆ ಅಂದಿದ್ದ. ಮದ್ದೂರಿನ ಟೀ ಅಂಗಡಿಯಲ್ಲಿ ಯಾರೋ ಹಬ್ ಬೇರಿಂಗ್ ಅಂದಿದ್ದರು. ಗೌಡ್ರು ಇಬ್ಬರನ್ನೂ ಒಂದೇ ನಗೆಯಲ್ಲಿ ತಳ್ಳಿಹಾಕಿ ಕ್ರೌನ್‌ಪಿನಿಯನ್ ಘೋಷಿಸಿದರು. ಮೈಸೂರಿನಲ್ಲಿ ಗುಜರಿ ಸಾಮಾನು ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಕೇಳಬೇಕು, ಎಷ್ಟಕ್ಕೆ ಮುಗಿಸಬೇಕು, ಎಲ್ಲ ಹೇಳಿದರು. ರೈತರು ಆಗಲೇ ಹೆಂಡತಿಗೆ ಫೋನ್ ಮಾಡಿ ಸೊಸೈಟಿ ಸಾಲದ ಮಾತು ಎತ್ತಿದ್ದರು.

ಹುಡುಗ ಕೆಳಗೆ ತೂರಿ ಮುಂದಿನ ಶಾಫ್ಟನ್ನು ಕೈಯಲ್ಲಿ ಹಿಡಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಹೊರಗೆ ಬಂದು, ಕೈ ಒರೆಸಿಕೊಂಡು, ಕ್ಯಾಬಿನ್ ಒಳಗೆ ಇಣುಕಿದ. "ಅಣ್ಣೋ, ಗದ್ದೆಯಿಂದ ಇಂಗೇ ಬಂದ್ರಾ?" ಲಿವರ್ ಎಳೆದರೆ ಬರಲಿಲ್ಲ, ಅಷ್ಟು ಬಿಗಿದುಕೊಂಡಿತ್ತು. ಗಾಡಿಯನ್ನು ನಾಲ್ಕು ಮಾರು ರಿವರ್ಸ್ ತೆಗೆದು ಎಳೆದ. ಟಣ್ ಅಂತ ಬಂತು. ಸ್ಟೇರಿಂಗು ಒಂದೇ ಬೆರಳಿಗೆ ತಿರುಗಿತು.

ದಿನಾ ಟ್ರ್ಯಾಕ್ಟರ್ ಹುಡುಗರಿಗೆ ಹೇಳುವ ಮಾತು ಗೌಡ್ರಿಗೆ ಪಿಕಪ್ ಮುಂದೆ ಯಾಕೆ ಹೊಳೆಯಲಿಲ್ಲ? ನನಗೆ ತೋರುವುದಿಷ್ಟು: ಲಿವರಿಗೆ ಖರ್ಚಿಲ್ಲ. ಖರ್ಚಿಲ್ಲದ ಕಾಯಿಲೆಯನ್ನು ಗೌಡ್ರು ಕಾಯಿಲೆ ಅಂತಲೇ ಒಪ್ಪುವುದಿಲ್ಲ. ಒಪ್ಪಿದರೆ ಟೈರಿನ ಮೇಲೆ ಕೂರಲು ಕಾರಣವೇನು?

ಗೌಡ್ರೇನೂ ಪೆಚ್ಚಾಗಲಿಲ್ಲ. ಎದ್ದು ಪಂಚೆ ಕೊಡವಿ, "ನಾನೇನಂದೆ? ತೊಂದ್ರೆ ಮುಂದ್ಗಡೇದೇ ಅಂದ್ನೋ ಇಲ್ವೋ?" ಅಂದರು. ರೈತರು ಒಂದು ಗಳಿಗೆ ಯೋಚಿಸಿ, "ಅಂದ್ರಿ ಕನ ಗೌಡ್ರೇ" ಅಂತ ಒಪ್ಪಿಕೊಂಡರು. ಹುಡುಗನ ಕೈಗೆ ನೂರು ರೂಪಾಯಿ ಬಂತು. ಗೌಡ್ರಿಗೆ ವಡೆ, ಟೀ, ಜೊತೆಗೆ ಮುಂದಿನ ವಾರ ಮಗಳ ಬೀಗರೂಟಕ್ಕೆ ತಪ್ಪದೆ ಬರಬೇಕೆಂಬ ಕರೆ.