ಪುರಸಭೆಯ ಹವಾಮಾನ ಭಾಷಣಕಾರ

ಕರ್ನಾಟಕದ ಪುರಸಭೆ, ನಗರಸಭೆಗಳ ಖರ್ಚಿನಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಜಾಗೃತಿ ಮೂಡಿಸುವವರನ್ನು ಆಮಂತ್ರಣ ಪತ್ರಿಕೆಯಲ್ಲಿ ‘ಸಂಪನ್ಮೂಲ ವ್ಯಕ್ತಿ’ ಎಂದು ಅಚ್ಚು ಹಾಕಿಸುವುದು ರೂಢಿ. ಹೆಸರಿನ ಜತೆಗೆ ‘ಪರಿಸರವಾದಿ’, ‘ಪರಿಸರ ಪ್ರೇಮಿ’, ‘ಖ್ಯಾತ ಚಿಂತಕರು’ ಇವುಗಳಲ್ಲಿ ಒಂದು ಬಿರುದಿರುತ್ತದೆ. ಜಾಗ ಮಿಕ್ಕಿದ್ದರೆ ಮೂರೂ ಇರುತ್ತವೆ. ಈತ ಸಾಮಾನ್ಯವಾಗಿ ನಿವೃತ್ತ ಉಪನ್ಯಾಸಕ, ಇಲ್ಲವೇ ಒಂದು ಸ್ವಯಂಸೇವಾ ಸಂಸ್ಥೆಯ ಅಧ್ಯಕ್ಷ, ಕಾರ್ಯದರ್ಶಿ ಮತ್ತು ಖಜಾಂಚಿ. ಖಾದಿ ಜುಬ್ಬಾ, ಹೆಗಲಿಗೊಂದು ಬಟ್ಟೆ ಚೀಲ, ಚೀಲದಲ್ಲೊಂದು ಪೆನ್‌ಡ್ರೈವ್, ಪೆನ್‌ಡ್ರೈವ್‌ನಲ್ಲಿ ಕರಗುತ್ತಿರುವ ಮಂಜುಗಡ್ಡೆಯ ಮೇಲೆ ನಿಂತ ಹಿಮಕರಡಿ. ದರೋಜಿಯ ಕರಡಿಯನ್ನು ಕಾಣದ ಬಯಲುಸೀಮೆಯ ಮಕ್ಕಳು ಉತ್ತರ ಧ್ರುವದ ಕರಡಿಯನ್ನು ಮೂರು ಮೂರು ಸಲ ಕಂಡಿರುವುದು ಈತನ ಕೃಪೆಯಿಂದ.

ಈತನಿಗೆ ವರ್ಷಕ್ಕೆ ಎರಡು ಸುಗ್ಗಿ. ಒಂದು, ಜೂನ್ 5ರ ವಿಶ್ವ ಪರಿಸರ ದಿನ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನೆನಪಿಗೆ ವಿಶ್ವಸಂಸ್ಥೆ ಗೊತ್ತುಮಾಡಿ, 1973ರಿಂದ ನಡೆಸಿಕೊಂಡು ಬಂದಿರುವ ಈ ದಿನ ನಮ್ಮಲ್ಲಿ ಮುಂಗಾರಿನ ಹೊಸ್ತಿಲಿಗೆ ಬೀಳುತ್ತದೆ. ಹಾಗಾಗಿ ಗಿಡ ನೆಡುವುದಕ್ಕೂ ಅನುಕೂಲ, ನೆಟ್ಟಿದ್ದನ್ನು ಮರೆಯುವುದಕ್ಕೂ ಅನುಕೂಲ. ಮಿಕ್ಕಿದ್ದನ್ನು ಮಳೆ ನೋಡಿಕೊಳ್ಳುತ್ತದೆ. ಇನ್ನೊಂದು ಸುಗ್ಗಿ ಮಾರ್ಚ್ ತಿಂಗಳ ಕೊನೆಯ ಹದಿನೈದು ದಿನ. ಇದಕ್ಕೂ ಭೂಮಿ ಬಿಸಿಯಾಗುವುದಕ್ಕೂ ನಂಟಿಲ್ಲ. ಮಾರ್ಚ್ 31ರೊಳಗೆ ಖರ್ಚಾಗದ ಅನುದಾನ ವಾಪಸು ಹೋಗುತ್ತದೆಂಬ ಭಯಕ್ಕೂ ಜಾಗೃತಿಗೂ ನಂಟು. ಫೆಬ್ರುವರಿ ಮುಗಿಯುವತನಕ ಫೈಲಿನಲ್ಲಿ ತಣ್ಣಗೆ ಮಲಗಿದ್ದ ಕಾರ್ಯಕ್ರಮಗಳು ಆಗ ಒಮ್ಮೆಗೇ ಎದ್ದು ಕೂರುತ್ತವೆ. ಬೆಳಗ್ಗೆ ಒಂದು ವಾರ್ಡು, ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ವಾರ್ಡು, ಎರಡೂ ಕಡೆ ಅದೇ ಹಿಮಕರಡಿ.

ಹಣಕ್ಕೆ ಆಧಾರವಿಲ್ಲವೆಂದಲ್ಲ. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಎಂಟನೆಯದು ನಗರ ಅರಣ್ಯ ಮತ್ತು ಪರಿಸರ ರಕ್ಷಣೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಜನರಿಗೆ ತಿಳಿವಳಿಕೆ ಕೊಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಯ ತಲೆಗೇ ಕಟ್ಟಿದವು. ಸ್ವಚ್ಛ ಭಾರತ ಮಿಷನ್‌ನಲ್ಲಿ ಇದಕ್ಕೆಂದೇ ‘ಐಇಸಿ’ ಎಂಬ ಬಾಬತ್ತಿದೆ. ಆ ಮೂರಕ್ಷರವನ್ನು ಬಿಡಿಸಿ ಹೇಳಬಲ್ಲವರು ಕಚೇರಿಯಲ್ಲಿ ಕಡಿಮೆ, ಅದರಡಿ ಬಿಲ್ಲು ಹಾಕಬಲ್ಲವರು ಬಹಳ. 15ನೇ ಹಣಕಾಸು ಆಯೋಗವು ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ನ್ನು ನೀರಿಗೂ ಕಸ, ನೈರ್ಮಲ್ಯಕ್ಕೂ ಮೀಸಲಿಟ್ಟಿತು. ಆದರೆ ಕಸದಿಂದ ಗೊಬ್ಬರ ಮಾಡುವ ಘಟಕ ಕಟ್ಟಬೇಕೆಂದರೆ ಜಾಗ ಹುಡುಕಬೇಕು, ಡಿಪಿಆರ್ ಮಾಡಿಸಬೇಕು, ಟೆಂಡರ್ ಕರೆಯಬೇಕು, ಪಕ್ಕದ ಹಳ್ಳಿಯವರು ಹೈಕೋರ್ಟಿನಿಂದ ತರುವ ತಡೆಯಾಜ್ಞೆ ತೆರವಾಗಬೇಕು. ಭಾಷಣಕ್ಕೆ ಬೇಕಾದದ್ದು ಮೂರು ಕೊಟೇಷನ್. ಮೂರು ಸಂಸ್ಥೆಗಳ ಲೆಟರ್‌ಹೆಡ್ಡಿನಲ್ಲಿ ಬರುವ ಈ ಮೂರರ ಅಕ್ಷರವಿನ್ಯಾಸ ಒಂದೇ, ‘ಜಾಗೃತಿ’ಯ ಕಾಗುಣಿತದ ತಪ್ಪೂ ಒಂದೇ. ಮೊತ್ತ ಮಾತ್ರ ಬೇರೆ ಬೇರೆ, ಅದೂ ಟೆಂಡರ್ ಕರೆಯಬೇಕಾದ ಮಿತಿಗಿಂತ ಒಂದು ಮೆಟ್ಟಿಲು ಕೆಳಗೆ.

ಕಾರ್ಯಕ್ರಮ ಹತ್ತೂವರೆಗೆ ಎಂದು ಛಾಪಿಸಿದ್ದರೆ ಹನ್ನೆರಡಕ್ಕೆ ಶುರುವಾಗುತ್ತದೆ. ಪುರಭವನದ ವೇದಿಕೆಯ ಹಿಂದೆ ಇಪ್ಪತ್ತಡಿ ಅಗಲದ ಫ್ಲೆಕ್ಸ್. ಅದರಲ್ಲಿ ಎಡದಿಂದ ಬಲಕ್ಕೆ ಶಾಸಕರು, ಅಧ್ಯಕ್ಷರು, ಉಪಾಧ್ಯಕ್ಷರು, ಸ್ಥಾಯಿ ಸಮಿತಿಯವರು. ಕೆಳಗಿನ ಮೂಲೆಯಲ್ಲಿ, ಲಿಂಬೆಹಣ್ಣಿನಷ್ಟು ದಪ್ಪಕ್ಕೆ, ಭೂಮಿ. ಫ್ಲೆಕ್ಸ್ ಬ್ಯಾನರನ್ನೂ ಪ್ಲಾಸ್ಟಿಕ್ ಲೋಟ, ತಟ್ಟೆ, ಕೈಚೀಲಗಳನ್ನೂ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿ ಅಧಿಸೂಚನೆ ಹೊರಡಿಸಿತ್ತು. ಆ ನಿಷೇಧವನ್ನು ಊರಿನಲ್ಲಿ ಜಾರಿ ಮಾಡಬೇಕಾದ ಆರೋಗ್ಯ ನಿರೀಕ್ಷಕರು ಫ್ಲೆಕ್ಸಿನ ಹಗ್ಗ ಬಿಗಿಯಾಗಿದೆಯೇ ಎಂದು ನೋಡುತ್ತಿರುತ್ತಾರೆ. ನಾಡಗೀತೆ, ಸ್ವಾಗತ, ದೀಪದ ಬದಲು ಗಿಡಕ್ಕೆ ನೀರೆರೆದು ಉದ್ಘಾಟನೆ. ಆ ಕುಂಡ ಎದುರಿನ ನರ್ಸರಿಯಿಂದ ಬಾಡಿಗೆಗೆ ಬಂದದ್ದು, ಸಂಜೆ ವಾಪಸು ಹೋಗಬೇಕಾದದ್ದು. ಹದಿನಾಲ್ಕು ಜನ ಗಣ್ಯರು ಒಂದೊಂದು ಚೊಂಬು ನೀರು ಹೊಯ್ದ ಮೇಲೆ ಅದು ವಾಪಸು ಹೋಗುವ ಸ್ಥಿತಿಯಲ್ಲಿ ಇರುವುದಿಲ್ಲ. ಮೈಸೂರು ಪೇಟ, ಶಾಲು, ಜಿಲೇಟಿನ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಸಭಿಕರೆಂದರೆ ಸ್ವಸಹಾಯ ಸಂಘದ ಹೆಂಗಸರು, ಸರ್ಕಾರಿ ಪ್ರೌಢಶಾಲೆಯ ಎರಡು ಸೆಕ್ಷನ್ ಮತ್ತು ಬೆಳಗಿನ ಪಾಳಿ ಮುಗಿಸಿ ಬಂದ ಪೌರಕಾರ್ಮಿಕರು. ಊರಿನಲ್ಲಿ ಅತಿ ಕಡಿಮೆ ಇಂಗಾಲ ಹೊರಸೂಸುವವರನ್ನೆಲ್ಲ ಹೀಗೆ ಒಂದೇ ಸೂರಿನಡಿ ಕಲೆಹಾಕುವುದು ಸಣ್ಣ ಸಾಧನೆಯಲ್ಲ.

ಭಾಷಣ ಓಜೋನ್ ಪದರದ ತೂತಿನಿಂದ ಆರಂಭವಾಗುತ್ತದೆ. ಆ ತೂತಿನ ಮೂಲಕ ಬಿಸಿಲು ಜಾಸ್ತಿ ಒಳಗೆ ಬಂದು ಭೂಮಿ ಕಾಯುತ್ತಿದೆ ಎಂಬುದು ಈತನ ಸಿದ್ಧಾಂತ. ಓಜೋನ್ ಹಾನಿ ಬೇರೆಯೇ ಕಥೆ. ಅದಕ್ಕೆ 1987ರ ಮಾಂಟ್ರಿಯಲ್ ಒಪ್ಪಂದದಿಂದ ಬಹುಮಟ್ಟಿಗೆ ಮದ್ದು ಸಿಕ್ಕಿದೆ. ಭೂಮಿ ಬಿಸಿಯಾಗುತ್ತಿರುವುದು ಮುಖ್ಯವಾಗಿ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದ್ದರಿಂದ. ಆದರೆ ಇದೊಂದು ಎಡವಟ್ಟನ್ನು ಬಿಟ್ಟರೆ ಈತ ಹೇಳುವುದರಲ್ಲಿ ಸುಳ್ಳು ಹುಡುಕುವುದು ಕಷ್ಟ. ಕೈಗಾರಿಕೆಗಳಿಗೆ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ ಎನ್ನುತ್ತಾನೆ, ನಿಜ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು ಎನ್ನುತ್ತಾನೆ, ಅದೂ ನಿಜ. ಪಕ್ಷಪಾತ ಇರುವುದು ಕತೆಯನ್ನು ಎಲ್ಲಿ ನಿಲ್ಲಿಸುತ್ತಾನೆ ಎಂಬಲ್ಲಿ.

ಸಾಲುಮರದ ತಿಮ್ಮಕ್ಕನ ಹೆಸರಿಲ್ಲದೆ ಈ ಭಾಷಣ ಇಲ್ಲ. ಹುಲಿಕಲ್–ಕುದೂರು ನಡುವೆ 385 ಆಲದ ಮರ ಬೆಳೆಸಿದರು, 2019ರಲ್ಲಿ ಪದ್ಮಶ್ರೀ ಬಂತು ಎಂಬಲ್ಲಿಗೆ ಚಪ್ಪಾಳೆ. ಅದೇ 2019ರಲ್ಲಿ ರಸ್ತೆ ಅಗಲೀಕರಣದಿಂದ ಆ ಮರಗಳಿಗೇ ಕುತ್ತು ಬಂದು, ನೂರು ದಾಟಿದ ಆ ಅಜ್ಜಿ ಮುಖ್ಯಮಂತ್ರಿಯ ಬಳಿಗೆ ಹೋಗಿ ಅವನ್ನು ಉಳಿಸಿಕೊಡಿ ಎಂದು ಕೇಳಬೇಕಾಯಿತು. ಇದನ್ನು ಹೇಳಲು ಸಮಯ ಸಾಲುವುದಿಲ್ಲ. ಅಪ್ಪಿಕೋ ಚಳವಳಿಯ ಗತಿಯೂ ಇದೇ. ಮಕ್ಕಳನ್ನು ಕಾಂಪೌಂಡಿನ ಹೊಂಗೆ ಮರಕ್ಕೆ ಕರೆದೊಯ್ದು ತಬ್ಬಿಸಿ ಫೋಟೋ ತೆಗೆಸುತ್ತಾನೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಮರ ತಬ್ಬಿದ್ದು ಸರ್ಕಾರದ ಅರಣ್ಯ ಇಲಾಖೆಯೇ ಒಪ್ಪಿಗೆ ಕೊಟ್ಟಿದ್ದ ಕಡಿತದ ವಿರುದ್ಧ ಎಂಬ ಭಾಗ ಸ್ಲೈಡಿನಲ್ಲಿ ಬರುವುದಿಲ್ಲ. ಮಕ್ಕಳು ಮರವನ್ನು ತಬ್ಬುತ್ತಾರೆ, ಯಾರಿಂದ ಉಳಿಸಲು ತಬ್ಬುತ್ತಿದ್ದೇವೆಂದು ತಿಳಿಯದೆ.

ಕೆರೆಗಳ ವಿಷಯಕ್ಕೆ ಬಂದಾಗ ಈತನಿಗೆ ಎಲ್ಲಿಲ್ಲದ ಕೆಚ್ಚು ಬರುತ್ತದೆ. ಧರ್ಮಾಂಬುಧಿ ಕೆರೆಯನ್ನು ನುಂಗಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದರು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎಬ್ಬಿಸಿದರು ಎಂದು ಮೇಜು ಗುದ್ದುತ್ತಾನೆ. ಬೆಂಗಳೂರು ಬೇರೆ ಸ್ಥಳೀಯ ಸಂಸ್ಥೆಯ ವ್ಯಾಪ್ತಿ. ಅಮೆಜಾನ್ ಕಾಡಿನ ಬಗ್ಗೆ ಇನ್ನೂ ಕಟುವಾಗಿ ಮಾತಾಡುತ್ತಾನೆ. ದೂರ ಹೆಚ್ಚಿದಷ್ಟೂ ಧೈರ್ಯ ಹೆಚ್ಚು; ಪುರಭವನದ ಕಿಟಕಿಯಿಂದ ಕಾಣುವ ಊರಕೆರೆಯ ಅಂಗಳದಲ್ಲಿ ಪುರಸಭೆಯೇ ಎಬ್ಬಿಸುತ್ತಿರುವ ವಾಣಿಜ್ಯ ಮಳಿಗೆಗಳತ್ತ ಕಣ್ಣು ಹೋದರೆ ನೀರು ಕುಡಿಯುತ್ತಾನೆ.

ಆಮೇಲೆ ಉಪದೇಶ. ಫ್ಯಾನು ಆರಿಸಿ, ಬಕೆಟ್‌ನಲ್ಲಿ ಸ್ನಾನ ಮಾಡಿ, ಕುಕ್ಕರಿನ ಸೀಟಿ ಎಣಿಸಿ, ಸಂತೆಗೆ ಚೀಲ ಒಯ್ಯಿರಿ. ಎದುರಿಗೆ ಕೂತವರಲ್ಲಿ ಅರ್ಧದಷ್ಟು ಜನರ ಮನೆಗೆ ಎರಡು ದಿನಕ್ಕೊಮ್ಮೆ ನೀರು ಬರುತ್ತದೆ. ಬಕೆಟ್‌ಗೆ ಅವರು ಹೊಸಬರಲ್ಲ. ಎಲ್ಲ ಸೂಚನೆಗಳೂ ಅಡುಗೆಮನೆ, ಬಚ್ಚಲುಮನೆಗೇ ಬಂದು ತಾಕುತ್ತವೆ, ಪುರಸಭೆಯ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಹಸಿ ಕಸ ಗಾಳಿಯಾಡದೆ ರಾಶಿಯಲ್ಲಿ ಕೊಳೆತಾಗ ಬರುವ ಮೀಥೇನ್, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಎಂಬತ್ತು ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಆ ರಾಶಿ ಬೈಪಾಸ್ ಪಕ್ಕದಲ್ಲಿದೆ, ಪಹಣಿ ಪುರಸಭೆಯ ಹೆಸರಿನಲ್ಲಿದೆ. ಮರಗಳ ಲೆಕ್ಕವೂ ಸ್ವಾರಸ್ಯದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಅದೇನು ಸೋಜಿಗವೋ, ಇಂಥ ಊರುಗಳ ರಸ್ತೆಗಳು 49 ಮರ ಉರುಳಿದ ಕೂಡಲೇ ಸಾಕಷ್ಟು ಅಗಲವಾಗಿಬಿಡುತ್ತವೆ. ಮುಂದಿನ 49 ಬೇರೆ ರಸ್ತೆಯ, ಬೇರೆ ಫೈಲಿನ ಮಾತು.

ಕಾರ್ಯಸೂಚಿಯಲ್ಲಿ ಸಂವಾದಕ್ಕೆ ಹತ್ತು ನಿಮಿಷ ಇಟ್ಟಿರುತ್ತಾರೆ. ಒಂದು ಊರಿನ ಸಂವಾದ ಇನ್ನೊಂದು ಊರಿನದಕ್ಕಿಂತ ಹೆಚ್ಚು ಬೇರೆಯಾಗಿರುವುದಿಲ್ಲ. ಸ್ವಸಹಾಯ ಸಂಘದ ಕಡೆಯಿಂದ ಹೂ ಮಾರುವ ಹೆಂಗಸೊಬ್ಬಳು ಏಳುತ್ತಾಳೆ.

“ಸಾರ್, ನೀವು ಹೇಳ್ದಂಗೆ ಹಸಿ ಕಸ, ಒಣ ಕಸ ಬ್ಯಾರೆ ಬ್ಯಾರೆ ಮಾಡಿ ಕೊಡ್ತೀವಿ. ಗಾಡಿಯೋರು ಎರಡನ್ನೂ ಒಂದೇ ಕಡೆ ಸುರ್ಕೊಂಡು ಹೋಗ್ತಾರಲ್ಲ, ಅದಕ್ಕೇನ್ ಮಾಡೋದು?”

“ಬಹಳ ಅರ್ಥಪೂರ್ಣವಾದ ಪ್ರಶ್ನೆ, ತಾಯಿ. ಬದಲಾವಣೆ ನಮ್ಮಿಂದಲೇ ಶುರುವಾಗಬೇಕು.”

“ನಾವು ಶುರು ಮಾಡಿ ಎರಡು ವರ್ಷ ಆತು, ಸಾರ್.”

ಸಭೆ ಗೊಳ್ಳೆನ್ನುತ್ತದೆ. ಭಾಷಣಕಾರ ಮುಖ್ಯಾಧಿಕಾರಿಯ ಕಡೆ ನೋಡುತ್ತಾನೆ, ಮುಖ್ಯಾಧಿಕಾರಿ ಪರಿಸರ ಅಭಿಯಂತರರ ಕಡೆ, ಅಭಿಯಂತರರು ಆರೋಗ್ಯ ನಿರೀಕ್ಷಕರ ಕಡೆ. “ಅಕ್ಕಾ, ಅದನ್ನ ಆಫೀಸಿಗೆ ಬಂದು ಬರ್ಕೊಡಿ, ನೋಡೋಣ” ಎಂದು ನಿರೀಕ್ಷಕರು ಕೂತಲ್ಲಿಂದಲೇ ಹೇಳುತ್ತಾರೆ. ಗಾಡಿ ಓಡಿಸುವವನೂ ಹಿಂದಿನ ಸಾಲಿನಲ್ಲಿ ಕೂತಿರುತ್ತಾನೆ. ಗಾಡಿಗೆ ಎರಡು ಭಾಗ ಮಾಡುವ ತಗಡು ತುಕ್ಕು ಹಿಡಿದು ಬಿದ್ದುಹೋಗಿದೆ, ಹೊಸದಕ್ಕೆ ಬರೆದುಕೊಟ್ಟು ಒಂಬತ್ತು ತಿಂಗಳಾಯಿತು ಎಂದು ಅವನಿಗೆ ಗೊತ್ತು. ಮೈಕು ಅಷ್ಟು ದೂರ ಹೋಗುವುದಿಲ್ಲ. ನಿರೂಪಕಿ ಸಮಯದ ಅಭಾವವನ್ನು ನೆನಪಿಸಿ ವಂದನಾರ್ಪಣೆಗೆ ಕರೆಯುತ್ತಾಳೆ. ಪ್ರಶ್ನೆ ಕೇಳಿದ್ದಕ್ಕೆ ಹೂವಮ್ಮನಿಗೆ ಒಂದು ನೇರಳೆ ಸಸಿ ಸಿಗುತ್ತದೆ. ಅವಳಿರುವ ವಠಾರದಲ್ಲಿ ಅದನ್ನು ನೆಡಬೇಕೆಂದರೆ ನೀರಿನ ಸಂಪಿನ ಮುಚ್ಚಳ ತೆಗೆದು ನೆಡಬೇಕು.

ಇಂಥ ಸಭೆ ಏಕಪಕ್ಷೀಯ ಎಂಬ ದೂರು ಬೇರೊಂದು ದಿಕ್ಕಿನಿಂದಲೂ ಬರುವುದುಂಟು. ಪ್ರತಿ ಊರಿನಲ್ಲೂ ಹವಾಮಾನ ಬದಲಾವಣೆಯೇ ದೊಡ್ಡ ಮೋಸ ಎನ್ನುವ ಒಬ್ಬ ಯಜಮಾನರಿದ್ದಾರೆ. ನಮ್ಮಪ್ಪನ ಕಾಲದಲ್ಲೂ ಬಿಸಿಲಿತ್ತು, ಸರ್ಕಾರ ಎರಡೂ ಕಡೆಯವರನ್ನು ಕರೆಸಬೇಕು ಎಂಬುದು ಅವರ ಬೇಡಿಕೆ. ಅವರನ್ನು ವೇದಿಕೆಗೆ ಹತ್ತಿಸಿದರೆ ತಕ್ಕಡಿ ಸಮವಾಗದು. ಥರ್ಮಾಮೀಟರಿನ ಅಂಕಿಗೆ ಪರ-ವಿರೋಧ ಇಲ್ಲ. ವೇದಿಕೆಯಲ್ಲಿ ಕುರ್ಚಿ ಸಿಗಬೇಕಾದವರು ಕಸದ ಗಾಡಿಯವನು, ಕೆರೆಯ ಹಳೆಯ ನಕ್ಷೆ ಇಟ್ಟುಕೊಂಡ ಸರ್ವೇಯರು, ರಾಶಿಯ ಹೊಗೆ ಕುಡಿಯುವ ಬೈಪಾಸಿನ ಬಡಾವಣೆಯವರು. ಅವರಿಗೆ ಪೇಟ ಸುತ್ತಿ ಮಾತಾಡಿಸಲು ಐಇಸಿಯಲ್ಲಿ ಅಡ್ಡಿಯೇನೂ ಇಲ್ಲ. ಯಾರೂ ಮಾಡಿಸುವುದಿಲ್ಲ, ಅಷ್ಟೆ. ಕಚೇರಿಯ ದೃಷ್ಟಿಯಿಂದ ಅದು ಸಹಜವೂ ಹೌದು. ಬಾಡಿಗೆ ಕೊಟ್ಟು ಕರೆಸಿದ ವಾಲಗದವರು ಮದುವೆಮನೆಯ ಅಡುಗೆಯಲ್ಲಿ ಉಪ್ಪು ಹೆಚ್ಚೆಂದು ಊದುವುದಿಲ್ಲ.

ಮಹಾನಗರದಲ್ಲಿ ಈ ವ್ಯಕ್ತಿಯ ವೇಷ ಬದಲಾಗುತ್ತದೆ. ಜುಬ್ಬಾದ ಜಾಗಕ್ಕೆ ಲಿನನ್ ಅಂಗಿ, ಪುರಭವನದ ಜಾಗಕ್ಕೆ ಹೋಟೆಲಿನ ಎಸಿ ಹಾಲ್, ಸಂಪನ್ಮೂಲ ವ್ಯಕ್ತಿಯ ಜಾಗಕ್ಕೆ ಕನ್ಸಲ್ಟೆಂಟ್. ಬಿಬಿಎಂಪಿ 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಹೊರತಂದಿತು. 2050ರ ಹೊತ್ತಿಗೆ ನಿವ್ವಳ ಶೂನ್ಯ, ಏಳು ವಲಯ, 269 ಕ್ರಮಗಳು. ಅದು ಓದಲು ಯೋಗ್ಯವಾದ ದಾಖಲೆ. ಕಸ, ರಾಜಕಾಲುವೆ, ಕಟ್ಟಡ, ಸಾರಿಗೆ ಎಲ್ಲದರಲ್ಲೂ ಆಡಳಿತ ತಾನೇ ಮಾಡಬೇಕಾದದ್ದನ್ನು ಹೆಸರಿಸುತ್ತದೆ. ನಗರದ ಭಾಷಣಕಾರ ಅದರಿಂದ ಎತ್ತಿಕೊಳ್ಳುವುದು ನಾಗರಿಕರ ಸಹಭಾಗಿತ್ವವನ್ನು ಮಾತ್ರ. ಯೋಜನೆ ಹೊರತಂದ ಬಿಬಿಎಂಪಿಯೇ 2025ರಲ್ಲಿ ಐದು ಪಾಲಿಕೆಗಳಾಗಿ ಒಡೆದಿರುವುದರಿಂದ, ಒಂದು ಕಡೆ ಮಾಡುತ್ತಿದ್ದ ಕಾರ್ಯಾಗಾರವನ್ನು ಈಗ ಐದು ಕಡೆ ಮಾಡಲು ಅವಕಾಶವಾಗಿದೆ.

ಊಟಕ್ಕೆ ಪಲಾವ್, ಮೊಸರನ್ನ, ಕೇಸರಿಬಾತ್. ಊಟ ಮುಗಿಯುತ್ತಿದ್ದಂತೆ ಕೇಸ್ ವರ್ಕರ್‌ನ ಕೆಲಸ ಶುರು. ಬಿಲ್ಲಿಗೆ ಬೇಕಾದದ್ದು ಆಮಂತ್ರಣ ಪತ್ರಿಕೆ, ಜಿಪಿಎಸ್ ಹೊಡೆದ ಫೋಟೋ, ಹಾಜರಾತಿ ಹಾಳೆ, ಪತ್ರಿಕಾ ತುಣುಕು, ಗೌರವಧನದ ರಸೀದಿ, ಹಣ ಬಳಕೆ ಪ್ರಮಾಣಪತ್ರ. ಊರಿನ ಕಸ ಎಷ್ಟು ಕಿಲೋ ಇಳಿಯಿತು, ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ ಎಂಬುದಕ್ಕೆ ನಮೂನೆಯಲ್ಲಿ ಕಲಮಿಲ್ಲ. ಭಾಷಣಕಾರ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕಿ, ಶಾಲನ್ನು ಹಣ್ಣಿನ ಬುಟ್ಟಿಯ ಮೇಲೆ ಹೊದಿಸಿ, ಪುರಸಭೆಯ ಡೀಸೆಲ್ ಜೀಪಿನಲ್ಲಿ ಬಸ್ ನಿಲ್ದಾಣಕ್ಕೆ ಹೊರಡುತ್ತಾನೆ. ಎರಡು ವರ್ಷದ ನಂತರ ಲೆಕ್ಕಪರಿಶೋಧಕರು ಈ ವೋಚರನ್ನು ತೆರೆದಾಗ ಒಂದು ಆಕ್ಷೇಪಣೆ ಬರೆಯುವುದುಂಟು: ಹಾಜರಾತಿಯಲ್ಲಿ 118 ಸಹಿ, ಚಹಾ 150. ಗಣ್ಯರು ಎರಡೆರಡು ಸಲ ಕುಡಿದರೆಂದು ಕಚೇರಿ ಅನುಪಾಲನಾ ವರದಿ ಸಲ್ಲಿಸುತ್ತದೆ, ಕಂಡಿಕೆ ಅಲ್ಲಿಗೆ ತೀರುವಳಿಯಾಗುತ್ತದೆ.